ಹೊಲದ ಮೇಲೆ 24 ಮೀಟರ್ ರಸ್ತೆಯ ಗೆರೆ: ಜಮೀನು ಹೋಯಿತೇ?

ಪ್ರಶ್ನೆ: ನಾನು ನಿವೃತ್ತ ಹೈಸ್ಕೂಲ್ ಮಾಸ್ತರ. ಕೊಪ್ಪಳ ಜಿಲ್ಲೆಯ ಒಂದು ಪಟ್ಟಣಕ್ಕೆ ಹೊಂದಿಕೊಂಡ ಹಳ್ಳಿಯಲ್ಲಿ ನನಗೂ ತಮ್ಮನಿಗೂ ಸೇರಿ 2 ಎಕರೆ 10 ಗುಂಟೆ ಎರೆ ಹೊಲ ಇದೆ. ಪಟ್ಟಣದ ಹೊಸ ಮಾಸ್ಟರ್ ಪ್ಲಾನ್‌ನ ಕರಡು ಪ್ರಕಟವಾಗಿದೆ. ನಕ್ಷೆಯ ಫೋಟೊ ಊರಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಓಡಾಡುತ್ತಿದೆ. ನಮ್ಮ ಹೊಲದ ನಡುವೆಯೇ 24 ಮೀಟರ್ ರಸ್ತೆ ಎಳೆದಿದ್ದಾರೆ. ರಸ್ತೆಯ ಈ ಕಡೆ ಹಳದಿ, ಆ ಕಡೆ ಹಸಿರು. ಏಜೆಂಟ್ ಒಬ್ಬ ದಿನಾ ಮನೆಗೆ ಬರುತ್ತಾನೆ. ‘ಗೆರೆ ಬಿದ್ದ ಮೇಲೆ ಜಮೀನು ಸರ್ಕಾರದ್ದು, ಈಗಲೇ ಕೊಟ್ಟುಬಿಡಿ’ ಅನ್ನುತ್ತಾನೆ. ತಮ್ಮ ಹೇಳುವುದೇ ಬೇರೆ. ‘ಮಾಸ್ಟರ್ ಪ್ಲಾನ್ ಯಾವತ್ತೂ ಜಾರಿಗೆ ಬರಲ್ಲ. ಹಳದಿ ಬಂತು ಅಂದ್ರೆ ಎನ್‌ಎ (ಕೃಷಿಯೇತರ ಜಮೀನು) ಆದಂಗೇ. ಪೂರ್ವಕ್ಕಿರೋ ಒಣ ಹಳ್ಳಾನೂ ಮುಚ್ಚಿ ಪ್ಲಾಟ್ ಹಾಕಿ ಮಾರೋಣ’ ಅನ್ನುತ್ತಾನೆ. ಈಚೆಗೆ ಮೊಮ್ಮಕ್ಕಳ ಜತೆ ಆನೆಗೊಂದಿ, ಹಂಪಿ ನೋಡಿ ಬಂದೆ. ಸಿಂಧೂ ಕಣಿವೆಯ ನೇರ ರಸ್ತೆ, ಚರಂಡಿಗಳ ಪಾಠವನ್ನು ವರ್ಷಗಟ್ಟಲೆ ಮಾಡಿದವನು ನಾನು. ಆಗಿನವರಿಗೆ ಸಾಧ್ಯವಾದದ್ದು ಈಗಿನವರಿಗೆ ಯಾಕೆ ಆಗುತ್ತಿಲ್ಲ? ನಾನೀಗ ಏನು ಮಾಡಲಿ?

ಉತ್ತರ: ಮಾಸ್ತರೇ, ಅರ್ಜೆಂಟ್ ಮಾತು ಮೊದಲು. ಏಜೆಂಟ್ ತರುವ ಯಾವ ಕಾಗದಕ್ಕೂ ಸದ್ಯಕ್ಕೆ ಸಹಿ ಹಾಕಬೇಡಿ. ಸಂಚಕಾರ ಅಂತ ದುಡ್ಡು ಕೊಡಲು ಬಂದರೂ ಮುಟ್ಟಬೇಡಿ.

ನಿಮ್ಮ ಪತ್ರದ ತುಂಬಾ ರಸ್ತೆಯದೇ ಚಿಂತೆ. ಹಳ್ಳದ ವಿಷಯ ಒಂದೇ ಸಾಲಿನಲ್ಲಿ ಬಂದು ಹೋಗಿದೆ. ನಗರ ಯೋಜನೆಯ ಕೆಲಸದಲ್ಲೇ ತಲೆ ನರೆತ ನನಗೆ ಮೊದಲು ಕಣ್ಣಿಗೆ ಬಿದ್ದದ್ದು ಆ ಒಂದು ಸಾಲು. ಅದಕ್ಕೆ ಆಮೇಲೆ ಬರುತ್ತೇನೆ. ಈಗ ಗೆರೆಯ ವಿಷಯ ನೋಡೋಣ.

ಗೆರೆ ಬಿದ್ದರೆ ಜಮೀನು ಹೋಗುತ್ತದೆಯೇ?

ಇಲ್ಲ. ಪಹಣಿಯಲ್ಲಿ ನಿಮ್ಮಿಬ್ಬರ ಹೆಸರೇ ಇರುತ್ತದೆ. ಉಳುಮೆ ನಿಮ್ಮದೇ, ಬೆಳೆ ನಿಮ್ಮದೇ. ಮಾಸ್ಟರ್ ಪ್ಲಾನ್‌ನ ರಸ್ತೆ ಗೆರೆ ನಿಶ್ಚಿತಾರ್ಥ ಇದ್ದ ಹಾಗೆ, ತಾಳಿ ಕಟ್ಟಿದಂತಲ್ಲ. ಜಮೀನು ಸರ್ಕಾರಕ್ಕೆ ಸೇರಬೇಕಾದರೆ ಒಂದೋ ನಿಮ್ಮ ಒಪ್ಪಿಗೆಯಿಂದ ಕೊಳ್ಳಬೇಕು, ಇಲ್ಲವೇ ಭೂಸ್ವಾಧೀನದ ನೋಟಿಸ್ ಕೊಟ್ಟು, ಪರಿಹಾರ ಕಟ್ಟಿ ತೆಗೆದುಕೊಳ್ಳಬೇಕು. 2013ರ ಭೂಸ್ವಾಧೀನ ಕಾಯ್ದೆಯ ಪ್ರಕಾರ ಮಾರುಕಟ್ಟೆ ಬೆಲೆಯ ಮೇಲೆ ಅಷ್ಟೇ ಮೊತ್ತದ ಸೊಲೇಷಿಯಂ, ಅಂದರೆ ಸಾಂತ್ವನ ಧನ ಕೂಡ ಸೇರಿಸಬೇಕು. ಇದ್ಯಾವುದೂ ಕರಡಿನ ಹಂತದಲ್ಲಿ ನಡೆಯುವುದಿಲ್ಲ.

ಹಾಗಂತ ಗೆರೆಗೆ ಬೆಲೆಯೇ ಇಲ್ಲ ಅಂತಲ್ಲ. ಯೋಜನೆ ಅಂತಿಮವಾದ ಮೇಲೆ ಆ ಪಟ್ಟಿಯೊಳಗೆ ಮನೆ ಕಟ್ಟಲು ಪರವಾನಗಿ ಸಿಗುವುದಿಲ್ಲ. ಮುಂದೆ ನೀವೇ ಲೇಔಟ್ ಮಾಡಲು ಹೋದರೂ ಆ ರಸ್ತೆಯನ್ನು ನಿಮ್ಮ ನಕ್ಷೆಯಲ್ಲಿ ತೋರಿಸಿ ಬಿಟ್ಟುಕೊಡಬೇಕಾಗುತ್ತದೆ. ಈ ದಾರಿಯಲ್ಲಿ ಕೈಗೆ ದುಡ್ಡು ಬರುವುದಿಲ್ಲ. ಉಳಿದ ಜಾಗಕ್ಕೆ ಬರುವ ಬೆಲೆಯೇ ಲಾಭ. ಬಿಟ್ಟುಕೊಟ್ಟ ಜಾಗಕ್ಕೆ ಬದಲಾಗಿ ಅಭಿವೃದ್ಧಿ ಹಕ್ಕಿನ ಪತ್ರ, ಅಂದರೆ ಟಿಡಿಆರ್ ಕೊಡುವ ಅವಕಾಶವೂ ಕಾಯ್ದೆಯಲ್ಲಿದೆ. ಆದರೆ ಅದು ಜಾಗ ಇಕ್ಕಟ್ಟಾಗಿ, ಮೇಲೆ ಮಹಡಿ ಏರಿಸಲು ಜನ ಮುಗಿಬೀಳುವ ಬೆಂಗಳೂರಿನಂಥ ಊರಿಗೆ ಸರಿ. ನಮ್ಮ ಕಡೆ ಅದನ್ನು ಕೊಳ್ಳುವವರು ಯಾರು ಹೇಳಿ.

ಇನ್ನು ಆ ವಾಟ್ಸ್‌ಆ್ಯಪ್ ಫೋಟೊ. ದಯವಿಟ್ಟು ಅದನ್ನು ನೋಡಿ ನಿದ್ದೆ ಕೆಡಿಸಿಕೊಳ್ಳಬೇಡಿ. ಅದನ್ನು 1:10,000 ಅಳತೆಯ ನಕ್ಷೆ ಅಂತಿಟ್ಟುಕೊಳ್ಳಿ. ಕಾಗದದ ಮೇಲಿನ 1 ಮಿಲಿಮೀಟರ್ ನೆಲದ ಮೇಲೆ 10 ಮೀಟರ್. 24 ಮೀಟರ್ ರಸ್ತೆ ಆ ಕಾಗದದಲ್ಲಿ ಎರಡೂವರೆ ಮಿಲಿಮೀಟರ್ ಕೂಡ ಇರುವುದಿಲ್ಲ. ಪೆನ್ನಿನ ಗೆರೆಯ ದಪ್ಪವೇ ಒಂದು ಬದುವನ್ನು ನುಂಗುತ್ತದೆ. ಅದರ ಮೇಲೆ ಮೊಬೈಲಿನಲ್ಲಿ ಓರೆಯಾಗಿ ತೆಗೆದ ಫೋಟೊ ಬೇರೆ. ‘ನಮ್ಮ ಹೊಲದ ನಡುವೆ’ ಅಂತ ನಿಮಗೆ ಕಂಡದ್ದು ಪಕ್ಕದವರ ಹೊಲ ಇರಬಹುದು. ನಡುವೆ ಇಲ್ಲದೆ ಅಂಚಿನಲ್ಲೂ ಇರಬಹುದು.

ಇದು ಸುಮ್ನೆ ಸಮಾಧಾನಕ್ಕೆ ಹೇಳಿದ್ದಲ್ಲ, ಲೆಕ್ಕ ನೋಡಿ. ನಿಮ್ಮದು 90 ಗುಂಟೆ. ಗುಂಟೆ ಅಂದರೆ ಹಳೆಯ 33 ಅಡಿಯ ಸರಪಳಿಯಿಂದ 33 ಅಡಿ ಉದ್ದ, 33 ಅಡಿ ಅಗಲ. 1,089 ಚದರ ಅಡಿ. ಒಟ್ಟು ಸುಮಾರು 9,100 ಚದರ ಮೀಟರ್. ಹೊಲ ಹೆಚ್ಚುಕಡಿಮೆ ಚೌಕ ಇದ್ದರೆ ಒಂದೊಂದು ಬದಿ 95 ಮೀಟರ್. ರಸ್ತೆ ಪೂರ್ತಿ ನಿಮ್ಮಲ್ಲೇ ಹಾದರೆ 2,280 ಚದರ ಮೀಟರ್, ಅಂದರೆ 22 ಗುಂಟೆಗೂ ಸ್ವಲ್ಪ ಜಾಸ್ತಿ ಹೋಗುತ್ತದೆ. ನಾಲ್ಕನೇ ಒಂದು ಪಾಲು! ಅದೇ ರಸ್ತೆ ಬದುವಿನ ಮೇಲೆ ಬಂದು ಅರ್ಧ ನಿಮ್ಮಲ್ಲಿ, ಅರ್ಧ ಪಕ್ಕದವರಲ್ಲಿ ಹಾದರೆ 11 ಗುಂಟೆ. ನಕ್ಷೆಯಲ್ಲಿ ಈ ಎರಡರ ನಡುವಿನ ಅಂತರ ಐದು ಮಿಲಿಮೀಟರ್ ಕೂಡ ಇಲ್ಲ. ಅದಕ್ಕೇ ಮೊದಲ ಕೆಲಸ: ಯೋಜನೆ ಮಾಡಿದ ನಗರ ಯೋಜನಾ ಪ್ರಾಧಿಕಾರದ ಕಚೇರಿಗೆ ಹೋಗಿ, ನಿಮ್ಮ ಸರ್ವೆ ನಂಬರಿನ ಗಡಿಯನ್ನು ಕರಡು ನಕ್ಷೆಯ ಮೇಲೆ ಕೂರಿಸಿದ ಪ್ರತಿ ಕೇಳಿ. ಶುಲ್ಕ ಕಟ್ಟಿಯೇ ತೆಗೆದುಕೊಳ್ಳಿ. ಬರೀ ಬಾಯಿಮಾತಿನಲ್ಲಿ ‘ಹೌದು, ಬರುತ್ತೆ’ ಅಂದರೆ ಒಪ್ಪಬೇಡಿ.

ಹಳದಿ ಅಂದರೆ ಎನ್‌ಎ ಆದಂತೆಯೇ?

ತಮ್ಮನವರ ಮಾತಿನಲ್ಲಿ ಅರ್ಧ ನಿಜ ಇದೆ, ಅದೇ ಕಷ್ಟ. ನಕ್ಷೆಯಲ್ಲಿ ಹಳದಿ ವಸತಿಗೆ, ನೀಲಿ ವಾಣಿಜ್ಯಕ್ಕೆ, ನೇರಳೆ ಕೈಗಾರಿಕೆಗೆ, ಕೆಂಪು ಶಾಲೆ, ಆಸ್ಪತ್ರೆಯಂಥ ಸಾರ್ವಜನಿಕ ಕೆಲಸಕ್ಕೆ. ಹಸಿರಿನಲ್ಲಿ ಎರಡು ಬಗೆ: ಒಂದು ಉದ್ಯಾನ, ಇನ್ನೊಂದು ಕೃಷಿ ವಲಯ. ನಿಮ್ಮದು ಯಾವ ಹಸಿರು ಅನ್ನುವುದನ್ನು ನಕ್ಷೆಯ ಮೂಲೆಯಲ್ಲಿರುವ ಬಣ್ಣದ ಪಟ್ಟಿ ನೋಡಿ ಖಚಿತ ಮಾಡಿಕೊಳ್ಳಿ. ಎರಡಕ್ಕೂ ಅಜಗಜಾಂತರ. ಕೃಷಿ ವಲಯವಾದರೆ ಉತ್ತುಕೊಂಡು ಇರಬಹುದು. ಉದ್ಯಾನವಾದರೆ ಅದೂ ರಸ್ತೆಯಂತೆ ಸಾರ್ವಜನಿಕ ಉದ್ದೇಶಕ್ಕೆ ಗುರುತಿಟ್ಟ ಜಾಗ.

ಹಳದಿ ಬಂದರೆ ‘ಇಲ್ಲಿ ಮನೆಗೆ ಅವಕಾಶ ಇದೆ’ ಅಂತ ಅರ್ಥ. ಭೂಪರಿವರ್ತನೆಯ ಹಾದಿ ಇದರಿಂದ ಸಲೀಸಾಗುತ್ತದೆ, ಯಾಕೆಂದರೆ ಭೂ ಉಪಯೋಗ ಬದಲಾವಣೆಗೆ ಬೇರೆ ಅರ್ಜಿ ಬೇಕಿಲ್ಲ. ಆದರೆ ಲೇಔಟ್ ಅನುಮೋದನೆ ಪೂರ್ತಿ ಬೇರೆ ವಿಷಯ. ರಸ್ತೆಗೆ, ಉದ್ಯಾನಕ್ಕೆ, ನಾಗರಿಕ ಸೌಲಭ್ಯಕ್ಕೆ ಜಾಗ ಬಿಟ್ಟು, ಚರಂಡಿ, ನೀರು, ಕರೆಂಟು ಮಾಡಿಕೊಟ್ಟ ಮೇಲೆ ಸಿಗುವ ಅನುಮೋದನೆ ಅದು. 500 ಚದರ ಮೀಟರ್‌ಗಿಂತ ದೊಡ್ಡ ಜಾಗದಲ್ಲಿ ಪ್ಲಾಟ್ ಮಾಡಿ ಮಾರುವುದಾದರೆ ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದ ನೋಂದಣಿಯೂ ಬೇಕು. ಇದ್ಯಾವುದೂ ಇಲ್ಲದೆ ಗುಂಟೆ ಲೆಕ್ಕದಲ್ಲಿ ಬಾಂಡ್ ಪೇಪರ್ ಮೇಲೆ ಮಾರಿದರೆ ಕೊಂಡವನಿಗೆ ಬ್ಯಾಂಕ್ ಸಾಲ ಇಲ್ಲ, ಕಟ್ಟಡ ಪರವಾನಗಿ ಇಲ್ಲ. ನಾಳೆ ಅವನು ಬಂದು ಜಗಳ ತೆಗೆಯುವುದು ಏಜೆಂಟನ ಹತ್ತಿರ ಅಲ್ಲ, ನಿಮ್ಮ ಬಾಗಿಲಲ್ಲಿ. ‘ಅಕ್ರಮ-ಸಕ್ರಮದಲ್ಲಿ ಸರಿಹೋಗುತ್ತೆ’ ಅನ್ನುವವರೂ ಇದ್ದಾರೆ. ನಗರ ಪ್ರದೇಶದ ಆ ಯೋಜನೆಗೆ ಸುಪ್ರೀಂ ಕೋರ್ಟ್ 2017ರಲ್ಲೇ ತಡೆ ಕೊಟ್ಟಿತು. ಅದನ್ನು ನಂಬಿ ಹೆಜ್ಜೆ ಇಡಬೇಡಿ.

ಇನ್ನೊಂದು ಮಾತು: ಇದು ಕರಡು. ಇವತ್ತಿನ ಹಳದಿ ನಾಳೆ ಹಸಿರಾಗಬಹುದು, ಹಸಿರು ಹಳದಿಯಾಗಬಹುದು.

‘ಯಾವತ್ತೂ ಜಾರಿಗೆ ಬರಲ್ಲ’

ಇದನ್ನು ನಾನು ಪೂರ್ತಿ ಅಲ್ಲಗಳೆಯಲಾರೆ. ಎಷ್ಟೋ ಊರುಗಳಲ್ಲಿ ಹಿಂದಿನ ಯೋಜನೆಯ ವರ್ತುಲ ರಸ್ತೆ ಒಂದು ತುಂಡು ಆಗಿ, ಇನ್ನೊಂದು ತುಂಡು ಕಾಗದದಲ್ಲೇ ಉಳಿದಿದೆ. ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ 1961ರದು. ಅದರ ಪ್ರಕಾರ ಮಾಸ್ಟರ್ ಪ್ಲಾನನ್ನು ಹತ್ತು ವರ್ಷಕ್ಕೊಮ್ಮೆ ಪರಿಷ್ಕರಿಸಬೇಕು. ರಸ್ತೆ, ಉದ್ಯಾನಕ್ಕೆ ಅಂತ ಗುರುತಿಸಿದ ಜಾಗವನ್ನು ಅಂತಿಮ ಯೋಜನೆ ಗೆಜೆಟ್‌ನಲ್ಲಿ ಪ್ರಕಟವಾಗಿ 5 ವರ್ಷದೊಳಗೆ ಕೊಳ್ಳದಿದ್ದರೆ, ಸ್ವಾಧೀನವನ್ನೂ ಶುರು ಮಾಡದಿದ್ದರೆ, ಆ ಗುರುತು ಬಿದ್ದುಹೋದಂತೆ ಅನ್ನುತ್ತದೆ 69ನೇ ಕಲಂ. ಮಾಲೀಕರ ಪಾಲಿಗೆ ಇದು ದೊಡ್ಡ ರಕ್ಷಣೆ. ಆದರೆ ಐದು ವರ್ಷ ಕಳೆಯಿತು ಅಂತ ಗೆರೆ ತಾನಾಗಿ ನಕ್ಷೆಯಿಂದ ಅಳಿಸಿಹೋಗುವುದಿಲ್ಲ. ನೀವು ಕೇಳಬೇಕು, ಕೆಲವೊಮ್ಮೆ ಹೈಕೋರ್ಟಿನ ತನಕ ಹೋಗಬೇಕು. ಅಷ್ಟರಲ್ಲಿ ಪರಿಷ್ಕರಣೆ ಬಂದು ಹೊಸ ನಕ್ಷೆಯಲ್ಲಿ ಮತ್ತೆ ಅದೇ ಗೆರೆ ಕಾಣಿಸಿಕೊಂಡರೆ ಆಶ್ಚರ್ಯ ಇಲ್ಲ.

ಹಾಗಾಗಿ ತಮ್ಮನವರಿಗೆ ಹೇಳಿ: ಯೋಜನೆ ಪೂರ್ತಿ ಜಾರಿಯಾಗದೇ ಇರಬಹುದು, ಆದರೆ ‘ಇಲ್ಲಿ ಕಟ್ಟಬೇಡಿ’ ಅನ್ನುವ ಭಾಗ ಮೊದಲ ದಿನದಿಂದಲೇ ಜಾರಿಯಾಗುತ್ತದೆ.

ನಿಮ್ಮ ಹೊಲವೇ ಯಾಕೆ?

ಯಾರೋ ಬೇಕಂತಲೇ ಮಾಡಿದರು ಅನ್ನುವ ಅನುಮಾನ ಎಲ್ಲರಿಗೂ ಬರುತ್ತದೆ. ಕೆಲವು ಸಲ ಪ್ರಭಾವ ನಡೆಯುವುದೂ ಉಂಟು, ಮುಚ್ಚಿಡುವುದಿಲ್ಲ. ಆದರೆ ಬಹಳ ಸಲ ಕಾರಣ ತೀರಾ ಸಾದಾ. ಊರಿನ ಮುಂದಿನ ಇಪ್ಪತ್ತು ವರ್ಷದ ಜನಸಂಖ್ಯೆ ಅಂದಾಜು ಮಾಡುತ್ತಾರೆ. ಆ ಅಂದಾಜಿಗೆ ಈಗಲೂ ಬುಡ 2011ರ ಜನಗಣತಿ. ಆಗ ಕೊಪ್ಪಳ ಪಟ್ಟಣದಲ್ಲಿ ಇದ್ದದ್ದು 70 ಸಾವಿರದ ಆಸುಪಾಸು ಜನ. ಈಗ ಗಿಣಿಗೇರಿ ಕಡೆಯ ಕಾರ್ಖಾನೆ, ಭಾಗ್ಯನಗರದ ಬೆಳವಣಿಗೆ ನೋಡಿದವರಿಗೆ ಆ ಅಂಕಿ ಎಷ್ಟು ಹಳೆಯದು ಅಂತ ಗೊತ್ತು. 2021ರ ಜನಗಣತಿ ನಡೆಯಲೇ ಇಲ್ಲ. ಅಂದಾಜಿನ ಜನಕ್ಕೆ ಇಷ್ಟು ಎಕರೆ ವಸತಿ ಬೇಕು, ಇಷ್ಟು ವಸತಿಗೆ ಇಷ್ಟು ರಸ್ತೆ ಬೇಕು ಅಂತ ಲೆಕ್ಕ ಬರುತ್ತದೆ. ಆಮೇಲೆ ಉಪಗ್ರಹ ಚಿತ್ರ ಮುಂದಿಟ್ಟುಕೊಂಡು, ಮನೆ ಇಲ್ಲದ ಕಡೆ ಗೆರೆ ಎಳೆಯುತ್ತಾರೆ. ಮನೆ ಇಲ್ಲದ ಕಡೆ ಅಂದರೆ ಹೊಲ, ಅಲ್ವಾ? ಗೆರೆ ಎಳೆಯುವ ಸಲಹಾ ಸಂಸ್ಥೆಯ ಹುಡುಗ ದೂರದ ಊರಿನಲ್ಲಿ ಕೂತಿರುತ್ತಾನೆ. ಬದು, ಬಂಡಿ ದಾರಿ, ಹಿಸ್ಸಾ ಅವನ ಪರದೆಯ ಮೇಲೆ ಇರುವುದಿಲ್ಲ.

ಹರಪ್ಪ, ಹಂಪಿ ಮತ್ತು ನಾವು

ಈಗ ನಿಮ್ಮ ಪಾಠದ ವಿಷಯ. ಇದಕ್ಕೆ ಸ್ವಲ್ಪ ಜಾಸ್ತಿ ಜಾಗ ಕೊಡುತ್ತೇನೆ, ಯಾಕೆಂದರೆ ನಿಮ್ಮ ಹಳ್ಳಕ್ಕೂ ಇದಕ್ಕೂ ನೇರ ಸಂಬಂಧ ಇದೆ.

ಪುಸ್ತಕಗಳಲ್ಲಿ ಮೊಹೆಂಜೊದಾರೊ ಚದುರಂಗದ ಮಣೆಯ ಹಾಗೆ ಇತ್ತು ಅಂತ ಬರೆದಿರುತ್ತಾರೆ. ಅಗೆದು ತೆಗೆದ ನಕ್ಷೆ ನೋಡಿದರೆ ದೊಡ್ಡ ರಸ್ತೆಗಳು ಹೆಚ್ಚುಕಡಿಮೆ ನೇರ, ಒಳಗಿನ ಓಣಿಗಳು ಬೇಕಾದಲ್ಲಿ ತಿರುಗುತ್ತವೆ. ಕೊನೆಯ ಕಾಲಕ್ಕೆ ಮನೆಗಳು ರಸ್ತೆಯೊಳಗೆ ಚಾಚಿಕೊಂಡವು, ಊರೊಳಗೇ ಕುಂಬಾರರ ಭಟ್ಟಿಗಳೂ ಬಂದವು. ಒತ್ತುವರಿ ಹೊಸ ರೋಗ ಅಲ್ಲ. ಶಿಸ್ತು ನೋಡಬೇಕಾದರೆ ರಾಜಸ್ಥಾನದ ಕಾಲಿಬಂಗನ್ ನೋಡಬೇಕು. ಅಲ್ಲಿ ಓಣಿ 1.8 ಮೀಟರ್, ಮುಂದಿನದು 3.6, ಆಮೇಲೆ 5.4, 7.2. ಒಂದೇ ಅಳತೆಯ ದುಪ್ಪಟ್ಟು, ಮೂರು ಪಟ್ಟು, ನಾಲ್ಕು ಪಟ್ಟು. ಅಂದರೆ ಯಾವ ಓಣಿ ಎಷ್ಟಿರಬೇಕು ಅಂತ ಮೊದಲೇ ಯಾರೋ ಗೊತ್ತುಮಾಡಿದ್ದರು. ನಮ್ಮ ಲೇಔಟ್‌ಗಳಲ್ಲಿ ಸಾಮಾನ್ಯವಾಗಿ ಕೇಳುವ ಕನಿಷ್ಠ ರಸ್ತೆ 9 ಮೀಟರ್, ಕಾರು, ಲಾರಿ, ಅಗ್ನಿಶಾಮಕದ ಗಾಡಿ ತಿರುಗಬೇಕಲ್ಲ, ಅದಕ್ಕೆ.

ಆದರೆ ನನ್ನ ಪ್ರಕಾರ ಅವರ ಹೆಚ್ಚುಗಾರಿಕೆ ರಸ್ತೆಯಲ್ಲಿ ಇಲ್ಲ, ನೀರಿನಲ್ಲಿದೆ. ಮೊಹೆಂಜೊದಾರೊದ ಇಟ್ಟಿಗೆ ಚರಂಡಿಗೆ ಮುಚ್ಚಳ ಇತ್ತು, ತೆಗೆದು ಹೂಳೆತ್ತಬಹುದಿತ್ತು. ಮನೆಯ ಬಚ್ಚಲು ಓಣಿಯ ಚರಂಡಿಗೆ, ಅದು ದೊಡ್ಡ ರಸ್ತೆಯ ಚರಂಡಿಗೆ. ಗುಜರಾತಿನ ಕಛ್‌ನಲ್ಲಿರುವ ಧೋಲಾವಿರಾ ಇನ್ನೂ ಒಂದು ಹೆಜ್ಜೆ ಮುಂದೆ. ನಮ್ಮ ಹಾಗೇ ಮಳೆ ಕಡಿಮೆಯ ನೆಲ. ಮನ್ಸರ್, ಮನ್ಹರ್ ಅನ್ನುವ ಎರಡು ಮಳೆಗಾಲದ ಹಳ್ಳಗಳ ನಡುವೆಯೇ ಊರು ಕಟ್ಟಿದರು. ಅವುಗಳಿಗೆ ಅಡ್ಡಗಟ್ಟೆ ಹಾಕಿ ನೀರನ್ನು ದೊಡ್ಡ ದೊಡ್ಡ ಹೊಂಡಗಳಿಗೆ ತಿರುಗಿಸಿಕೊಂಡರು. ವರ್ಷದ ಬಹುಪಾಲು ಒಣಗಿಯೇ ಇರುವ ಹಳ್ಳಗಳು ಅವು. ಯಾರೂ ಮುಚ್ಚಲಿಲ್ಲ.

ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಕೋಟೆಯೊಳಗೆ ಪೂರ್ವ-ಪಶ್ಚಿಮಕ್ಕೆ ಮೂರು, ಉತ್ತರ-ದಕ್ಷಿಣಕ್ಕೆ ಮೂರು ರಾಜಮಾರ್ಗ ಅಂತ ಇರುವುದನ್ನು ಎಲ್ಲರೂ ಹೇಳುತ್ತಾರೆ. ನನಗೆ ಇಷ್ಟ ಅದರ ದಂಡದ ಪಟ್ಟಿ. ಬೀದಿಗೆ ಕಸ, ಮಣ್ಣು ಸುರಿದರೆ ಎಂಟನೇ ಒಂದು ಪಣ. ಕೆಸರು ನೀರು ನಿಲ್ಲುವಂತೆ ಮಾಡಿದರೆ ಕಾಲು ಪಣ. ರಾಜಮಾರ್ಗದಲ್ಲಾದರೆ ದುಪ್ಪಟ್ಟು. ನೀರು ಕಟ್ಟಿದವನಿಗೇ ಜಾಸ್ತಿ ದಂಡ ಅನ್ನುವುದನ್ನು ಗಮನಿಸಿ.

ನೀವು ನೋಡಿ ಬಂದ ಹಂಪಿಯಲ್ಲಿ ದೇವಸ್ಥಾನಗಳಿರುವ ಭಾಗಕ್ಕೂ ಅರಮನೆಯ ಭಾಗಕ್ಕೂ ನಡುವೆ ಒಂದು ತಗ್ಗು ಇದೆ, ಬಾಳೆ, ಭತ್ತ ಬೆಳೆಯುತ್ತಾರೆ. ತುರ್ತಾ ಕಾಲುವೆಯ ನೀರು ಇವತ್ತಿಗೂ ಅಲ್ಲಿ ಹರಿಯುತ್ತದೆ. ಅಷ್ಟು ದೊಡ್ಡ ರಾಜಧಾನಿಯ ನಟ್ಟನಡುವೆ ಗದ್ದೆ! 1443ರಲ್ಲಿ ಬಂದ ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್ ಕೂಡ ಹೊರಗಿನ ಕೋಟೆ ಸಾಲುಗಳ ನಡುವೆ ಹೊಲ, ತೋಟ, ಮನೆ ಕಂಡೆ ಅಂತ ಬರೆದಿದ್ದಾನೆ. ತಗ್ಗಿನಲ್ಲಿ ನೀರು ಮತ್ತು ಬೆಳೆ, ಏರಿನಲ್ಲಿ ಮನೆ. ಬಂಡೆ ಎಲ್ಲಿದೆಯೋ ಕೋಟೆ ಅಲ್ಲಿ. ನೇರ ಗೆರೆಯ ಹಟ ಅವರಿಗೆ ಇದ್ದದ್ದು ದೇವಸ್ಥಾನದ ಮುಂದಿನ ಬಜಾರುಗಳಲ್ಲಿ ಮಾತ್ರ.

‘ಅವರಿಗೆ ಸಾಧ್ಯವಾದದ್ದು ನಮಗೆ ಯಾಕಿಲ್ಲ’ ಅಂತ ಕೇಳಿದ್ದೀರಿ. ರಾಯರು ಕಾಲುವೆ ತೋಡುವಾಗ ಯಾರಿಗೂ ಆಕ್ಷೇಪಣೆಗೆ 60 ದಿನ ಕೊಡಲಿಲ್ಲ. ಯಾರ ಹೊಲ ಹೋಯಿತು, ಪರಿಹಾರ ಸಿಕ್ಕಿತೇ ಅಂತ ನಮಗೆ ಗೊತ್ತಾಗುವ ಹಾಗೂ ಇಲ್ಲ. ನಿಮಗೆ ಆ ಹಕ್ಕು ಇದೆ. ಅದು ಬಂದದ್ದೂ ತಡವಾಗಿಯೇ. ಬಳ್ಳಾರಿ 1953ರ ತನಕ ಮದ್ರಾಸಿನಲ್ಲಿತ್ತು, ಅಲ್ಲಿ 1920ರಲ್ಲೇ ಪಟ್ಟಣ ಯೋಜನಾ ಕಾಯ್ದೆ ಬಂದಿತ್ತು. ರಾಯಚೂರು, ಕೊಪ್ಪಳ 1956ರ ತನಕ ಹೈದರಾಬಾದಿನಲ್ಲಿದ್ದವು. ಬೆಂಗಳೂರಿನಲ್ಲಿ 1898ರ ಪ್ಲೇಗ್ ಬಂದ ಮೇಲೆ ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಬೆಳೆದವು. ಒಂದೊಂದು ಕಡೆ ಒಂದೊಂದು ರೀತಿ. ಎಲ್ಲಕ್ಕೂ ಒಂದೇ ಕಾಯ್ದೆ ಅಂತ ಆದದ್ದು 1961ರದರಿಂದ.

ಆ ಒಣ ಹಳ್ಳ

ಕರಡು ನಕ್ಷೆಯಲ್ಲಿ ಆ ಹಳ್ಳ ಕಾಣುತ್ತದೆಯೇ ನೋಡಿ. ಕಾಣದಿದ್ದರೆ ನನಗೆ ಆಶ್ಚರ್ಯ ಇಲ್ಲ. ಬೇಸಿಗೆಯಲ್ಲಿ ತೆಗೆದ ಉಪಗ್ರಹ ಚಿತ್ರದಲ್ಲಿ ಒಣ ಹಳ್ಳ ಹೊಲದ ಬಣ್ಣದ್ದೇ. ಆದರೆ ಹಳೆಯ ಗ್ರಾಮ ನಕ್ಷೆಯಲ್ಲಿ, ಸರಪಳಿ ಹಿಡಿದು ಅಳೆದವರು ಅದನ್ನು ಬಿಟ್ಟಿರುವುದಿಲ್ಲ. ಪಹಣಿಯ ವಿಸ್ತೀರ್ಣದ ಕಾಲಂ ನೋಡಿ: ಒಟ್ಟು ವಿಸ್ತೀರ್ಣದ ಕೆಳಗೆ ‘ಫೂಟ್ ಖರಾಬ್ ಎ’, ‘ಫೂಟ್ ಖರಾಬ್ ಬಿ’ ಅಂತ ಇರುತ್ತದೆ. ಎ ಅಂದರೆ ಬೇಸಾಯಕ್ಕೆ ಬಾರದ ಜಾಗ. ಬಿ ಅಂದರೆ ಹಳ್ಳ, ದಾರಿ, ಕೆರೆ, ಸ್ಮಶಾನದಂಥ ಸಾರ್ವಜನಿಕ ಜಾಗ. ಬಿ ಖರಾಬು ನಿಮ್ಮ ಸರ್ವೆ ನಂಬರಿನೊಳಗೇ ಇದ್ದರೂ ಮಾರಲು ನಿಮ್ಮದಲ್ಲ. ಅದನ್ನು ಮುಚ್ಚಿ ಪ್ಲಾಟ್ ಮಾಡಿದರೆ ಸರ್ಕಾರಿ ಜಾಗದ ಒತ್ತುವರಿ ಆಗುತ್ತದೆ.

ಕಾನೂನು ಬಿಡಿ, ನೆಲ ಏನು ಹೇಳುತ್ತದೆ ನೋಡೋಣ. ನಮ್ಮ ಕಡೆ ವರ್ಷದ ಮಳೆ 600 ಮಿಲಿಮೀಟರ್ ಆಸುಪಾಸು. ಅದರಲ್ಲಿ ದೊಡ್ಡ ಪಾಲು ಕೆಲವೇ ದಿನಗಳಲ್ಲಿ ಸುರಿಯುತ್ತದೆ. ಎರೆ ಮಣ್ಣು ಒಮ್ಮೆ ನೆನೆದು ಉಬ್ಬಿತು ಅಂದರೆ ನೀರನ್ನು ಒಳಗೆ ಬಿಡುವುದಿಲ್ಲ. ಬಿದ್ದ ನೀರೆಲ್ಲ ಇಳಿಜಾರು ಹುಡುಕಿಕೊಂಡು ಹಳ್ಳಕ್ಕೆ ಬರುತ್ತದೆ. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ವಾರದ ಮಳೆ ನಿಮಗೆ ನೆನಪಿರಬೇಕು. ರಾಯಚೂರು, ಬಳ್ಳಾರಿ, ಕೊಪ್ಪಳ ಮೂರೂ ಜಿಲ್ಲೆಗಳಲ್ಲಿ ವರ್ಷವಿಡೀ ಒಣಗಿದ್ದ ಹಳ್ಳಗಳೇ ಊರಿಗೆ ನುಗ್ಗಿದ್ದು. ಪ್ಲಾಟ್ ಹಾಕುವವರು ಸಾಮಾನ್ಯವಾಗಿ ಮಾಡುವುದು ಏನು? ಒಂದು ಹ್ಯೂಮ್ ಪೈಪ್ ಇಟ್ಟು ಮೇಲೆ ಮುರಂ ಸುರಿದು ಸಪಾಟು ಮಾಡುತ್ತಾರೆ. ಮೊದಲ ಒಳ್ಳೆ ಮಳೆಗೆ ಪೈಪಿನ ಬಾಯಿಗೆ ಜಾಲಿ ಕೊಂಬೆ, ಪ್ಲಾಸ್ಟಿಕ್ ಕಟ್ಟಿಕೊಳ್ಳುತ್ತದೆ. ನೀರು ಪಕ್ಕದ ಮನೆಗಳ ಬಾಗಿಲಿಗೆ ತಿರುಗುತ್ತದೆ.

ನೀವೇ ಒಂದು ಸಲ ಹಳ್ಳದ ಉದ್ದಕ್ಕೂ ನಡೆದು ನೋಡಿ. ದಂಡೆಯ ಜಾಲಿ ಗಿಡಗಳ ಕೊಂಬೆಗೆ ಸಿಕ್ಕಿಕೊಂಡ ಒಣ ಹುಲ್ಲು, ಚಿಂದಿ ಬಟ್ಟೆ ಎಷ್ಟು ಎತ್ತರದಲ್ಲಿದೆ? ನೀರು ಅಲ್ಲಿ ತನಕ ಬಂದಿತ್ತು ಅಂತ ಅರ್ಥ. ಅದರ ಫೋಟೊ ತೆಗೆಯಿರಿ, ಪಕ್ಕದಲ್ಲಿ ಒಬ್ಬರನ್ನು ನಿಲ್ಲಿಸಿ, ಎತ್ತರ ಗೊತ್ತಾಗಲಿ. ಯಾವ ಸಲಹಾ ಸಂಸ್ಥೆಯ ವರದಿಗಿಂತಲೂ ಗಟ್ಟಿ ಸಾಕ್ಷಿ ಇದು.

ಏನು ಮಾಡಬಹುದು

ಈಗಲೇ ಮಾರುವುದು ನನ್ನ ಲೆಕ್ಕದಲ್ಲಿ ಕೆಟ್ಟ ದಾರಿ. ಏಜೆಂಟ್ ದಿನಾ ಯಾಕೆ ಬರುತ್ತಿದ್ದಾನೆ ಯೋಚಿಸಿ. ಜಮೀನು ನಿಜವಾಗಿ ಸರ್ಕಾರದ್ದಾಗಿದ್ದರೆ ಅವನಿಗೆ ಅದರಲ್ಲಿ ಏನು ಕೆಲಸ? 24 ಮೀಟರ್ ರಸ್ತೆಗೆ ಮುಖ ಮಾಡಿದ ಹೊಲದ ಬೆಲೆ ಏನಾಗುತ್ತದೆ ಅಂತ ಅವನಿಗೆ ನಿಮಗಿಂತ ಚೆನ್ನಾಗಿ ಗೊತ್ತು. ಮದುವೆ, ಆಸ್ಪತ್ರೆ ಅಂತ ತೀರಾ ದುಡ್ಡಿನ ಅಗತ್ಯ ಇದ್ದರೆ ಮಾತು ಬೇರೆ. ಆಗಲೂ ರಸ್ತೆಗೆ ದೂರದ ಒಂದು ಪಾಲು ಮಾತ್ರ ಮಾರಿ, ಪೂರ್ತಿ ಅಲ್ಲ.

ಯೋಜನೆ ಅಂತಿಮವಾಗುವ ತನಕ ಉತ್ತುಕೊಂಡು ಕಾಯುವುದು ನಿಮಗೆ ಸುರಕ್ಷಿತ. ಇದರಲ್ಲಿ ಅಪಾಯ ಒಂದೇ, ತಮ್ಮನವರ ತಾಳ್ಮೆ. ಹೊಲ ಇನ್ನೂ ಜಂಟಿಯಾಗಿದ್ದರೆ, ಅವರು ತಮ್ಮ ಪಾಲಿನ ಹೆಸರಿನಲ್ಲಿ ಯಾರಿಗಾದರೂ ಅಗ್ರಿಮೆಂಟ್ ಮಾಡಿಕೊಟ್ಟರೆ ನಿಮಗೂ ಕೋರ್ಟು ತಪ್ಪುವುದಿಲ್ಲ. ಆದರೆ ಈ ಗಡಿಬಿಡಿಯಲ್ಲಿ ಪಾಲು ಮಾಡಿಕೊಳ್ಳಲೂ ಹೋಗಬೇಡಿ. ರಸ್ತೆ ಯಾರ ಪಾಲಿಗೆ, ಹಳ್ಳ ಯಾರ ಪಾಲಿಗೆ ಅನ್ನುವುದೇ ಜಗಳವಾಗುತ್ತದೆ. ಗೆರೆ ಖಚಿತವಾದ ಮೇಲೆ ಪಾಲು ಮಾಡಿಕೊಂಡರೆ ಇಬ್ಬರಿಗೂ ನ್ಯಾಯ.

ಅಂತಿಮವಾದ ಮೇಲೆ ಅಕ್ಕಪಕ್ಕದ ನಾಲ್ಕಾರು ಹೊಲದವರು ಸೇರಿ ಒಂದೇ ಲೇಔಟ್ ಮಾಡುವುದು ಎಲ್ಲಕ್ಕಿಂತ ಲಾಭದ ದಾರಿ. ರಸ್ತೆಯ ಭಾರ ಒಬ್ಬರ ಮೇಲೇ ಬೀಳುವುದಿಲ್ಲ. ಹಳ್ಳದ ಪಟ್ಟಿಯನ್ನು ಹಾಗೇ ಬಿಟ್ಟು ಅದರ ಬದಿಗೇ ಉದ್ಯಾನದ ಜಾಗ ತೋರಿಸಬಹುದು. ಹೇಗೂ ಬಿಡಲೇಬೇಕಾದ ಜಾಗ ತಾನೇ. ಪ್ರಾಧಿಕಾರಗಳು ರೈತರ ಜತೆ 50:50 ಪಾಲಿನಲ್ಲಿ ಲೇಔಟ್ ಮಾಡುವ ಪದ್ಧತಿಯೂ ಇದೆ. ಅದರಲ್ಲಿ ಖರ್ಚಿನ ತಲೆನೋವು ಇಲ್ಲ, ಆದರೆ ವರ್ಷಗಟ್ಟಲೆ ಎಳೆಯುತ್ತದೆ, ಯಾವ ಸೈಟ್ ಯಾರಿಗೆ ಅನ್ನುವುದು ಮೊದಲೇ ಬರವಣಿಗೆಯಲ್ಲಿ ಇರಬೇಕು. ಹಸಿರು ಭಾಗ ಕೃಷಿ ವಲಯವಾಗಿಯೇ ಅಂತಿಮವಾದರೆ ಭೂ ಉಪಯೋಗ ಬದಲಾವಣೆಗೆ ಅರ್ಜಿ ಹಾಕಲು ಅವಕಾಶ ಇದೆ. ಸುಲಭ ಅಂತ ಹೇಳಲಾರೆ.

ಇದೆಲ್ಲಕ್ಕಿಂತ ಮೊದಲು ಆಕ್ಷೇಪಣೆ. ಸರ್ಕಾರದ ತಾತ್ಕಾಲಿಕ ಅನುಮೋದನೆ ಪಡೆದ ಕರಡು ಪ್ರಕಟವಾದ ಮೇಲೆ ಸಾರ್ವಜನಿಕರಿಗೆ 60 ದಿನ ಇರುತ್ತದೆ. ಪ್ರಕಟಣೆಯ ದಿನಾಂಕ ಯಾವುದು ಅಂತ ಇವತ್ತೇ ತಿಳಿದುಕೊಳ್ಳಿ. ನಮ್ಮ ಜನ ಬಹಳ ಸಲ ‘ನಾವು ಬಡವರು, ಇರುವುದು ಇದೊಂದೇ ಹೊಲ, ಕೈಬಿಡಿ’ ಅಂತ ಬರೆಯುತ್ತಾರೆ. ಓದಿದವರಿಗೆ ಮನಸ್ಸು ಕರಗಬಹುದು, ಗೆರೆ ಕದಲುವುದಿಲ್ಲ, ಯಾಕೆಂದರೆ ಎಲ್ಲ ಅರ್ಜಿಯಲ್ಲೂ ಅದೇ ಇರುತ್ತದೆ. ಗೆರೆ ಕದಲುವುದು ಪರ್ಯಾಯ ತೋರಿಸಿದಾಗ. ‘ಈ ರಸ್ತೆ ಇಂಥ ಸರ್ವೆ ನಂಬರಿನಲ್ಲಿ ಹಳ್ಳವನ್ನು ಓರೆಯಾಗಿ ದಾಟುತ್ತದೆ, ಉದ್ದ ಸೇತುವೆ ಬೇಕಾಗುತ್ತದೆ. ಇಷ್ಟು ಮೀಟರ್ ಪಶ್ಚಿಮಕ್ಕೆ ಗ್ರಾಮ ನಕ್ಷೆಯಲ್ಲೇ ಇರುವ ಬಂಡಿ ದಾರಿಯ ಮೇಲೆ ತಂದರೆ ಹಳ್ಳವನ್ನು ನೇರವಾಗಿ ದಾಟುತ್ತದೆ, ಸೇತುವೆ ಚಿಕ್ಕದಾಗುತ್ತದೆ, ಖಾಸಗಿ ಜಮೀನೂ ಕಡಿಮೆ ಹೋಗುತ್ತದೆ’ ಅಂತ ಬರೆಯಿರಿ. ನಿಮ್ಮೂರಿನಲ್ಲಿ ಬಂಡಿ ದಾರಿ ಎಲ್ಲಿದೆ ಅಂತ ನನಗಿಂತ ನಿಮಗೆ ಗೊತ್ತು. ಇಲ್ಲದಿದ್ದರೆ ಬದುವಿನ ಗುಂಟ ತರಲು ಕೇಳಿ. ಪಶ್ಚಿಮದ ಹೊಲದವರಿಗೂ ಮೊದಲೇ ಹೇಳಿ, ಇಲ್ಲದಿದ್ದರೆ ನಿಮ್ಮ ಅರ್ಜಿಗೆ ಅವರದೊಂದು ಎದುರು ಅರ್ಜಿ ಬರುತ್ತದೆ.

ಅರ್ಜಿಗೆ ತಮ್ಮನವರ ಸಹಿಯೂ ಇರಲಿ. ಪಹಣಿ, ಗ್ರಾಮ ನಕ್ಷೆಯ ಪ್ರತಿ, ಸರ್ವೆ ಸ್ಕೆಚ್, ಹಳ್ಳದ ಫೋಟೊ ಲಗತ್ತಿಸಿ. ಕರಡಿನಲ್ಲಿ ಹಳ್ಳ ಇಲ್ಲದಿದ್ದರೆ ಅದನ್ನು ಸೇರಿಸಿ ಅಂತಲೂ ಅದೇ ಅರ್ಜಿಯಲ್ಲಿ ಕೇಳಿ. ಎರಡು ಪ್ರತಿ ಒಯ್ದು, ಒಂದರ ಮೇಲೆ ಮುದ್ರೆ, ದಿನಾಂಕ, ಟಪಾಲು ನಂಬರ್ ಹಾಕಿಸಿಕೊಂಡು ವಾಪಸ್ ತನ್ನಿ. ಹಾಕಿಕೊಡಲು ಹಿಂದೇಟು ಹೊಡೆದರೆ ಅಲ್ಲಿ ವಾದ ಮಾಡಬೇಡಿ, ಅವತ್ತೇ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ.